ತಾಗಬಾರದ ಸೂಜಿ

“ಸೂಜಿ ಮೇಲ್ಮೈಗೆ ತಾಗಬಾರದು. ಹತ್ತಿರ ಇದ್ರೆ ಸಾಕು, ಎಲೆಕ್ಟ್ರಾನ್ ತಾನಾಗೇ ದಾಟುತ್ತೆ,” ಎಂದಳು ನ್ಯಾನೊ ತಂತ್ರಜ್ಞಾನದ ಉಪನ್ಯಾಸಕಿ. ಮಸೂರದ ಬದಲು ಸೂಜಿಮೊನೆಯಿಂದ ನೋಡುವ ಸೂಕ್ಷ್ಮದರ್ಶಕದ ಗುಂಡಿ ತಿರುಗಿಸಿ ಸೂಜಿ ಇಳಿಸುತ್ತಿದ್ದವಳು ಅವಳ ಮಗಳೇ. ಗಂಡ ಹೆಂಡತಿ ಬೇರೆಯಾದಾಗ ಅಪ್ಪನ ಜೊತೆ ಹೋಗಿದ್ದವಳು ಈಗ ಅಮ್ಮನ ತರಗತಿಗೇ ವಿದ್ಯಾರ್ಥಿನಿಯಾಗಿ ಬಂದಿದ್ದಳು.

“ಸರಿ, ಮೇಡಂ,” ಎಂದಳು ಮಗಳು, ಎಲ್ಲರಂತೆಯೇ. ಇವತ್ತಾದರೂ ಅಮ್ಮ ಎಂದಾಳೇ ಎಂದು ಕಾಯುವುದು ಉಪನ್ಯಾಸಕಿಗೆ ಅಭ್ಯಾಸವಾಗಿಹೋಗಿತ್ತು.

“ನಿಧಾನ ಕಣೇ, ಬಾವಿಗೆ ಕೊಡ ಇಳಿಸ್ತಿದ್ದೀಯಾ?” ಗೆಳತಿ ಛೇಡಿಸಿದಳು. ಮಗಳಿಗೆ ನಗು ಬಂತು, ಬೆರಳು ಜಾರಿತು. ಪರದೆಯ ಮೇಲೆ ವಿದ್ಯುತ್ತಿನ ಏರಿಳಿತ ತೋರಿಸುವ ಗೆರೆ ತಟ್ಟನೆ ಮೇಲಕ್ಕೆ ಚಿಮ್ಮಿತು.

“ಅಮ್ಮಾ, ತಾಗಿಬಿಡ್ತು! ಈಗೇನ್ ಮಾಡ್ಲಿ?” ಗಾಬರಿಯಿಂದ ಉಪನ್ಯಾಸಕಿಯತ್ತಲೇ ತಿರುಗಿದಳು.

“ಹೋಗ್ಲಿ ಬಿಡು ಪುಟ್ಟಿ, ಬೇರೆ ಸೂಜಿ ಇದೆ.”

ಮೊನೆ ಹೋದ ಸೂಜಿಯನ್ನು ಆಕೆ ಕಸದ ಡಬ್ಬಿಗೆ ಹಾಕಲಿಲ್ಲ. ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸಿಕೊಂಡಳು.