ಆ ಮೂರು ದಿನದ ಊಟ

ಆ ಮನೆಯಲ್ಲಿ ಸೊಸೆ ಮುಟ್ಟಾದ ಮೂರು ದಿನ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ಮಂಡಿನೋವಿನ ಅತ್ತೆಗೆ ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಹಾಗಾಗಿ ಆ ದಿನಗಳಲ್ಲಿ ಅವರು ಮೊಬೈಲಿನಲ್ಲಿ ಆರ್ಡರ್ ಮಾಡಿ ಹೋಟೆಲಿನಿಂದ ಊಟ ತರಿಸುತ್ತಿದ್ದರು.

ಈ ತಿಂಗಳೂ ಸೊಸೆ ಬೆಳಿಗ್ಗೆಯೇ ಚಾಪೆ ಹಿಡಿದು ಮೂಲೆಯ ಕೋಣೆ ಸೇರಿದಳು. ನಿಜವಾಗಿ ಅವಳು ಮುಟ್ಟಾಗಿರಲಿಲ್ಲ. ಕಳೆದ ಸಲ ಬಸುರಿಯಾದಾಗ ಗಂಡ ಗುಟ್ಟಾಗಿ ಸ್ಕ್ಯಾನ್ ಮಾಡಿಸಿ, ಹೆಣ್ಣೆಂದು ಗೊತ್ತಾದ ಮೇಲೆ ತೆಗೆಸಿಬಿಟ್ಟಿದ್ದ. ಈ ಸಲ ಅವನಿಗೆ ತಿಳಿಯಬಾರದಿತ್ತು.

"ಈ ತಿಂಗಳೂ ನಿಂತಿಲ್ವಾ?" ಬಾಗಿಲಲ್ಲೇ ನಿಂತು ಅವನು ಕೇಳಿದ.

ಅವಳು ತಲೆ ತಗ್ಗಿಸಿದಳು.

"ಅಮ್ಮಾ, ಊಟ ತರಿಸಮ್ಮ. ಮಹಾರಾಣಿಯವರಿಗೆ ಮೂರು ದಿನ ರಜೆ," ಎಂದು ಗೊಣಗಿ ಅವನು ಕೆಲಸಕ್ಕೆ ಹೋದ.

ಮಧ್ಯಾಹ್ನ ಪಾರ್ಸಲ್ ಬಂತು. ಅತ್ತೆ ಅದನ್ನು ಎಂದಿನಂತೆ ಹೊಸ್ತಿಲಲ್ಲಿ ಇಟ್ಟು ಹೋಗಲಿಲ್ಲ. ಒಳಗೆ ಬಂದು, ಅವಳಿಗೆ ತಾಗಿಕೊಂಡೇ ಚಾಪೆಯ ಮೇಲೆ ಕೂತರು.

"ಅತ್ತೆ, ಮುಟ್ಟಬೇಡಿ, ಮೈಲಿಗೆ..." ಅವಳು ಗೋಡೆಯತ್ತ ಸರಿದಳು.

"ಸುಮ್ನೆ ತಿನ್ನು. ಖಾರ ಕಮ್ಮಿ ಹಾಕ್ಸಿದೀನಿ," ಎಂದು ಅತ್ತೆ ಪೊಟ್ಟಣ ಬಿಚ್ಚಿದರು. "ಐದು ತಿಂಗಳು ತುಂಬೋವರೆಗೂ ಹೀಗೇ ತರಿಸೋಣ."