ಕೈಸನ್ನೆ ಸಾಕು

“ಗಂಟೆ ಬಾರಿಸಿದ ಹಾಗೆ ಕೇಳಿಸ್ತು ಕಣಮ್ಮಾ!” ಹೆಲ್ಮೆಟ್ ಅಂಗಡಿಯ ಗಾಜಿನೊಳಗಿಂದ ಚಿಕ್ಕಪ್ಪ ಹೆಬ್ಬೆರಳು ಎತ್ತಿ ತೋರಿಸಿದರು. ಎದುರು ಫುಟ್‌ಪಾತಿನಲ್ಲಿ ಬೈಕಿನಿಂದ ಬೈಕಿಗೆ ಮಾತಾಡುವ ಹೆಡ್‌ಸೆಟ್ ಜೋಡಿಯಲ್ಲಿ ಒಂದನ್ನು ಅವರಿಗೆ ಹಾಕಿ, ಇನ್ನೊಂದನ್ನು ತಾನು ಹಾಕಿಕೊಂಡು ನಿಂತಿದ್ದ ಅಣ್ಣನ ಮಗಳು ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ.

ನಾಳೆ ಇಬ್ಬರೂ ಎರಡು ಬೈಕಿನಲ್ಲಿ ದೂರ ಹೊರಟವರು. ದಾರಿಯಲ್ಲಿ ಕೈಸನ್ನೆ ಸಾಕು ಎಂದು ಅವರು ಹಟ ಹಿಡಿದಾಗ, “ಓಬೀರಾಯನ ಕಾಲದ್ದು ಬಿಡಿ ಚಿಕ್ಕಪ್ಪ” ಎಂದು ನಕ್ಕು ಅವಳೇ ಇಲ್ಲಿಗೆ ಎಳೆದುತಂದಿದ್ದಳು.

“ಚಿಕ್ಕಪ್ಪಾ?” ಎಂದಳು. ಗಟ್ಟಿಯಾಗಿ ಕೂಗಿದಳು. ಗಾಜಿನಾಚೆ ಅದೇ ನಗು, ಅದೇ ಹೆಬ್ಬೆರಳು. ಅವಳ ಕಿವಿಗೆ ಮಾತ್ರ ಅವರ ಉಸಿರಾಟವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಒಳಗೆ ಬಂದವಳು ಹೆಡ್‌ಸೆಟ್ ಕಳಚಿ ಅಂಗಡಿಯವನಿಗೆ ಕೊಟ್ಟಳು. “ಬೇಡ, ನನಗೇ ಸರಿಯಾಗಿ ಕೇಳಿಸ್ಲಿಲ್ಲ.” ಆಮೇಲೆ ಚಿಕ್ಕಪ್ಪನ ಎದುರು ನಿಂತು, ಎಡಗೈ ಚಾಚಿ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಆಡಿಸಿದಳು. ನಿಧಾನ ಅನ್ನೋಕೆ ಹೀಗೇ ಅಲ್ವಾ ಎಂದು ಕಣ್ಣಲ್ಲೇ ಕೇಳಿದಳು.

ಚಿಕ್ಕಪ್ಪ ಅವಳ ಮೊಣಕೈಯನ್ನು ತುಸು ಮೇಲೆತ್ತಿ ಸರಿಮಾಡಿದರು. ಸರಿಯಾದ ಮೇಲೂ ಬಿಡಲಿಲ್ಲ.