ಐದನೆಯ ಮುತ್ತೈದೆ

ಹಡಗು ಮುಳುಗಿಸುವುದಕ್ಕೂ ಐವರು ಮುತ್ತೈದೆಯರು ಬೇಕೇ ಬೇಕು ಎಂದು ಹಟ ಹಿಡಿದವಳು ನೀರು ತುಂಬಿ ನಿಂತ ಹಳೆಯ ಕಲ್ಲು ಕ್ವಾರಿಯ ಹೊಸ ಮಾಲೀಕ ತಿರುಪತಿಯ ತಾಯಿ ಕಳಕಮ್ಮ. ಗಂಗವ್ವನ ಉಡಿ ತುಂಬದೆ ನೀರಿಗೆ ಏನನ್ನೂ ಬಿಡಬಾರದಂತೆ. ಕುಷ್ಟಗಿ ಕಡೆಯ ಆ ಹಳ್ಳಿಯಲ್ಲಿ ನಾಲ್ವರು ಬೇಗ ಸಿಕ್ಕರು. ಐದನೆಯವಳಾಗಿ ಹೊಳಿಯಮ್ಮ ಬಂದು ನಿಂತಳು. ಎಲ್ಲರ ಕಣ್ಣುಗಳೂ ಅವಳ ಕೈತುಂಬ ಇದ್ದ ಹಸಿರು ಬಳೆಗಳ ಮೇಲಿದ್ದವು.

ಅವಳ ಗಂಡ ಗಾಳೇಶ ಇದೇ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಒಂದು ಮಳೆಗಾಲ ಅಂಚು ಕುಸಿದು ನೀರು ನುಗ್ಗಿತು, ಅಂದಿನಿಂದ ಅವನಿಲ್ಲ. ಬಿದ್ದದ್ದನ್ನು ಕಂಡವರಿಲ್ಲ. ಹುಡುಕಲು ಬಂದವರು, ಅಷ್ಟು ಆಳಕ್ಕೆ ಇಳಿಯಲಾಗದು ಎಂದು ಹಗ್ಗ ಸುತ್ತಿಕೊಂಡು ಹೋದರು. ಹೆಂಡತಿಯನ್ನು ಬಿಟ್ಟು ಗೋವಾಕ್ಕೆ ಓಡಿಹೋಗಿದ್ದಾನೆ ಎಂದರು ಕೆಲವರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಆ ಮಾತು ಹೊಳಿಯಮ್ಮನನ್ನು ಸುಟ್ಟಿತು, ಬಳೆಗಳನ್ನು ಉಳಿಸಿತು. ಹೆಣ ಕಾಣದೆ ಬಳೆ ಒಡೆಯುವ ಪದ್ಧತಿ ಅಲ್ಲಿಲ್ಲ.

ಈಗ ಅದೇ ನೀರಿಗೆ ಇಳಿಯುವವರು ಬರಲಿದ್ದರು, ಅದೂ ಮೋಜಿಗೆ. ಸಿದ್ದಾಪುರದ ಅಕ್ಕಿ ವ್ಯಾಪಾರಿ ತಿರುಪತಿ, ಮಂಗಳೂರಿನ ಕಡಲಲ್ಲಿ ದುಡಿದು ಹಳತಾದ ಒಂದು ಪುಟ್ಟ ಹಡಗನ್ನು ದೊಡ್ಡ ಲಾರಿಯ ಮೇಲೆ ತರಿಸಿದ್ದ. ಅದನ್ನು ತಳದಲ್ಲಿ ಕೂರಿಸಿದರೆ ಮೀನುಗಳು ಮನೆ ಮಾಡುತ್ತವೆ, ಪಟ್ಟಣದವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದು ನೋಡಿ ಬರುತ್ತಾರೆ ಎಂಬುದು ಅವನ ಆಸೆ. ಕಡಲಿಲ್ಲದ ಊರಿಗೆ ಹಡಗು ಬಂತು, ಅದೂ ಮುಳುಗಲಿಕ್ಕೆ ಎಂದು ಜನ ನಕ್ಕರು.

ಉಡಿ ತುಂಬಿದ್ದಾಯಿತು, ಆರತಿಯೂ ಆಯಿತು. ಕ್ರೇನು ಇಳಿಸಿದ ಹಡಗು ಗುಳುಗುಳು ನೀರು ಕುಡಿಯುತ್ತ ಕಣ್ಮರೆಯಾಯಿತು. ಅದು ನೆಟ್ಟಗೆ ಕೂತಿದೆಯೇ ಎಂದು ನೋಡಲು ಮುಳುಗುಗಾರ ಪ್ರವೀಣಕುಮಾರ ಕೆಳಗಿಳಿದ. ಬಹಳ ಹೊತ್ತಿನ ಮೇಲೆ ತಲೆ ಎತ್ತಿದಾಗ ಅವನ ಮುಷ್ಟಿಯಲ್ಲಿ ಏನೋ ಇತ್ತು.

“ಹಡಗ ಛಲೋ ಕುಂತೈತ್ರಿ. ಬಾಜೂಕ ಕಲ್ಲಿನ ಸಂದ್ಯಾಗ ಇದು ಸಿಕ್ತು. ಯಾರದರ ಗುರುತು ಐತೇನ್ರಿ?”

ಕೈಯಿಂದ ಕೈಗೆ ದಾಟಿ ಹೊಳಿಯಮ್ಮನಲ್ಲಿಗೆ ಬಂದದ್ದು ಕಪ್ಪಾದ ಬೆಳ್ಳಿಯ ಕಡಗ. ಎರಡು ಹಾವಿನ ಹೆಡೆ, ಒಂದು ಮುರಿದಿತ್ತು. ಮದುವೆಯಲ್ಲಿ ಅಳಿಯನ ಕೈಗೆ ಅದನ್ನು ತೊಡಿಸಿದವನು ಹೊಳಿಯಮ್ಮನ ಅಪ್ಪ. ಸುತ್ತಿಗೆ ತಾಗಿ ಹೆಡೆ ಮುರಿದ ದಿನ ಅವಳು ಗಂಡನೊಡನೆ ಮಾತು ಬಿಟ್ಟಿದ್ದಳು. ಅವನು ಓಡಿಹೋಗಿರಲಿಲ್ಲ. ಇಷ್ಟು ವರ್ಷ ಊರು ಹೊರಿಸಿದ ಭಾರ ಇಳಿದಂತಾಗಿ, ಅಳುವೂ ನಗುವೂ ಒಟ್ಟಿಗೇ ಬಂದವು, ಎರಡನ್ನೂ ನುಂಗಿದಳು.

“ನಿನ್ನ ಗಂಡಂದೇನವ್ವಾ?” ಕಳಕಮ್ಮ ಕೇಳಿದಳು.

“ಅಲ್ರಿ ಯವ್ವಾ,” ಎಂದಳು ಹೊಳಿಯಮ್ಮ. ಉಡಿಗೆಂದು ತಂದು ಉಳಿದಿದ್ದ ಹಸಿರು ರವಿಕೆ ಕಣದಲ್ಲಿ ಕಡಗವನ್ನಿಟ್ಟು, ಗಂಗವ್ವನಿಗೆ ಒಪ್ಪಿಸುವವಳಂತೆ ಚಿಟಿಕೆ ಕುಂಕುಮ ಹಾಕಿ ಗಂಟು ಕಟ್ಟಿದಳು. ನೀರಿನ ಅಂಚಿಗೆ ಹೋಗಿ ಬಾಗಿ ಅದನ್ನು ಕೊಡುತ್ತ, ಪ್ರವೀಣಕುಮಾರನಿಗೆ ಮಾತ್ರ ಕೇಳುವಂತೆ ಹೇಳಿದಳು:

“ಇದ್ದಲ್ಲೇ ಇಟ್ಟು ಬಾ ತಮ್ಮಾ. ಮ್ಯಾಲೆ ಉಳಿದ್ರ ನನ್ನ ಕೈಯಾನ ಬಳಿ ಒಡೀತಾರ.”